ಚಂದ್ರವಳ್ಳಿಯ ಮಣ್ಣಿನಲ್ಲಿ ಕೈಸರನ ಬೆಳ್ಳಿ

ರಾಮಗಿರಿ, ಹೊಳಲ್ಕೆರೆ ಕಡೆಯಿಂದ ಚಿತ್ರದುರ್ಗ ನೋಡಲು ಹೋದವರು ಏಳುಸುತ್ತಿನ ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿ ಇಣುಕುತ್ತಾರೆ, ಹೊತ್ತು ಉಳಿದರೆ ಚಂದ್ರವಳ್ಳಿಗೂ ಹೋಗಿ ಬರುತ್ತಾರೆ. ಅಲ್ಲಿ ಕೆರೆ ಇದೆ, ಅಂಕಲಿಮಠದ ಕತ್ತಲೆ ಗುಹೆಗಳಿವೆ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಇದೇ ಕಣಿವೆಯ ಮಣ್ಣಿನಿಂದ ಎದ್ದುಬಂದ ಇನ್ನೊಂದು ಸಾಕ್ಷ್ಯದ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ಕಡಿಮೆ. ಅದು ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯ.

ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ಕಾಲದಲ್ಲೇ, ಪೊಂತ್ಯ ಪಿಲಾತ ಯೂದಾಯದ ಅಧಿಕಾರಿಯಾಗಿದ್ದಾಗ, ಯೆರೂಸಲೇಮಿನಲ್ಲಿ ಯೇಸುವನ್ನು ಶಿಲುಬೆಗೇರಿಸಲಾಯಿತು. ತೆರಿಗೆಯ ಪ್ರಶ್ನೆ ಎದ್ದಾಗ ಯೇಸು ಕೇಳಿ ತರಿಸಿಕೊಂಡ ನಾಣ್ಯ ಈ ಟೈಬೀರಿಯಸನದೇ ಎಂದು ನಾಣ್ಯತಜ್ಞರೂ ಬೈಬಲ್ ವ್ಯಾಖ್ಯಾನಕಾರರೂ ಬಹುಕಾಲ ಹೇಳುತ್ತ ಬಂದರು. ಈಗ ಆ ಮಾತನ್ನು ಪ್ರಶ್ನಿಸುವವರಿದ್ದಾರೆ. ಆ ಚರ್ಚೆಯಲ್ಲಿ ನಮ್ಮ ಚಂದ್ರವಳ್ಳಿಯಂಥ ಜಾಗಗಳಿಗೂ ಹೇಳಲು ಮಾತಿದೆ ಎಂದು ನಾನು ನಂಬಿದ್ದೇನೆ. ಯೆರೂಸಲೇಮಿನ ನೆಲದಲ್ಲಿ ಹುಡುಕಿದರೂ ಸಿಗದಷ್ಟು ವಿರಳವಾದ ನಾಣ್ಯ ನಮ್ಮ ದಕ್ಷಿಣದ ನೆಲದಲ್ಲಿ ರಾಶಿರಾಶಿಯಾಗಿ ಸಿಕ್ಕಿದೆ.

ಮೊದಲು ನಾಣ್ಯ ನೋಡೋಣ. ಇದರ ಹೆಸರು ಡೆನೇರಿಯಸ್. ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ. ಟೈಬೀರಿಯಸನ ಡೆನೇರಿಯಸ್‌ಗಳಲ್ಲಿ ಬಹುಪಾಲು ಒಂದೇ ಮಾದರಿಯವು; ಭಾರತದಲ್ಲಿ ಸಿಕ್ಕವೂ ಹೆಚ್ಚಾಗಿ ಅವೇ. ಮುಮ್ಮುಖದಲ್ಲಿ ಚಕ್ರವರ್ತಿಯ ತಲೆ, ಸುತ್ತ ಲ್ಯಾಟಿನ್ ಬರಹ: ದೈವತ್ವಕ್ಕೇರಿದ ಆಗಸ್ಟಸನ ಮಗ ಟೈಬೀರಿಯಸ್ ಕೈಸರ್. ಹಿಮ್ಮುಖದಲ್ಲಿ ಪೀಠದ ಮೇಲೆ ಕುಳಿತ ಹೆಣ್ಣು, ಜೊತೆಗೆ ಅವನೇ ಮಹಾಪುರೋಹಿತ ಎಂಬ ಬಿರುದು. ಆ ಹೆಣ್ಣು ಅವನ ತಾಯಿ ಲಿವಿಯಾ ಇರಬೇಕೆಂದು ಹಲವರ ಊಹೆ. ಇವುಗಳನ್ನು ಟಂಕಿಸಿದ್ದು ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ.

ಮೂರ್ತಿಯನ್ನು ಒಪ್ಪದ ಯೆಹೂದ್ಯರಿಗೆ ಈ ಬರಹ, ಈ ತಲೆ ಎಷ್ಟು ನೋವಿನ ವಿಷಯ ಎಂಬುದಕ್ಕೆ ಅದೇ ಶತಮಾನದ ಇತಿಹಾಸಕಾರ ಜೋಸೆಫಸ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಪಿಲಾತ ಚಕ್ರವರ್ತಿಯ ಚಿತ್ರವಿದ್ದ ಸೇನೆಯ ಲಾಂಛನಗಳನ್ನು ರಾತ್ರೋರಾತ್ರಿ ಯೆರೂಸಲೇಮಿನೊಳಗೆ ತರಿಸಿದ. ಜನ ಕೈಸರೈಯದವರೆಗೆ ನಡೆದು ಹೋಗಿ ಅವನ ಮನೆಯ ಮುಂದೆ ದಿನಗಟ್ಟಲೆ ಕವುಚಿ ಮಲಗಿದರು. ಸೈನಿಕರು ಕತ್ತಿ ಹಿರಿದಾಗ ಕುತ್ತಿಗೆ ಒಡ್ಡಿದರು. ಪಿಲಾತ ಲಾಂಛನಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಅದೇ ಕೈಸರೈಯದ ರಂಗಮಂದಿರದಲ್ಲಿ 1961ರಲ್ಲಿ ಇಟಲಿಯ ಪುರಾತತ್ತ್ವಜ್ಞರಿಗೆ ಒಂದು ಕಲ್ಲು ಸಿಕ್ಕಿತು. ಅದರ ಮೇಲೆ ಪಿಲಾತನ ಹೆಸರಿದೆ, ಟೈಬೀರಿಯಸನ ಗೌರವಾರ್ಥ ಕಟ್ಟಿಸಿದ ಕಟ್ಟಡದ ಪ್ರಸ್ತಾಪವಿದೆ.

ತೆರಿಗೆಯ ಗಾಯವೂ ಹಸಿಯಾಗಿತ್ತು. ಕ್ರಿ.ಶ. 6ರಲ್ಲಿ ರೋಮ್ ಯೂದಾಯವನ್ನು ನೇರ ಆಳ್ವಿಕೆಗೆ ತೆಗೆದುಕೊಂಡು ಆಸ್ತಿಪಾಸ್ತಿ ಲೆಕ್ಕ ಹಾಕಿಸಿದಾಗ ಗಲಿಲಾಯದ ಯೂದನೆಂಬವನು ಬಂಡೆದ್ದಿದ್ದ. ದೇವರೊಬ್ಬನೇ ಒಡೆಯ, ಕೈಸರನಿಗೆ ಕಂದಾಯ ಕೊಡುವುದೇ ಗುಲಾಮಗಿರಿ ಎಂಬುದು ಅವನ ವಾದ. ಇಂಥ ಊರಿನಲ್ಲಿ ನಿಂತು ಫರಿಸಾಯರೂ ಹೆರೋದನ ಕಡೆಯವರೂ ಯೇಸುವನ್ನು ಕೇಳಿದರು: ಕೈಸರನಿಗೆ ತೆರಿಗೆ ಕೊಡುವುದು ಧರ್ಮಸಮ್ಮತವೇ? ಕೊಡಿ ಎಂದರೆ ಜನ ಬಿಡುವುದಿಲ್ಲ, ಬೇಡ ಎಂದರೆ ಪಿಲಾತ ಬಿಡುವುದಿಲ್ಲ. ಯೇಸು ಒಂದು ಡೆನೇರಿಯಸ್ ತರಿಸಿ, ಅದರ ಮೇಲಿನ ತಲೆ ಯಾರದೆಂದು ಅವರ ಬಾಯಲ್ಲೇ ಹೇಳಿಸಿ, ಕೈಸರನ ಪಾಲು ಬೇರೆ, ದೇವರ ಪಾಲು ಬೇರೆ ಎಂದು ಉತ್ತರಿಸಿದರು. ಮಾರ್ಕ, ಮತ್ತಾಯ, ಲೂಕ ಮೂವರ ಸುವಾರ್ತೆಗಳಲ್ಲೂ ಈ ಪ್ರಸಂಗವಿದೆ.

ವಿದ್ವಾಂಸರ ತಕರಾರು ಶುರುವಾಗುವುದು ಇಲ್ಲಿಂದ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡುವವರೆಗೆ ಆ ನಾಡಿನಲ್ಲಿ ಓಡಾಡುತ್ತಿದ್ದ ಬೆಳ್ಳಿ ಮುಖ್ಯವಾಗಿ ತೂರ್ ಪಟ್ಟಣದ ಶೆಕೆಲ್. ಅದರ ಮೇಲೂ ಅನ್ಯದೇವತೆ ಮೆಲ್ಕಾರ್ಟನ ತಲೆಯಿತ್ತು. ಆದರೂ ಬೆಳ್ಳಿ ಶುದ್ಧವಾಗಿದ್ದುದರಿಂದ ದೇವಾಲಯದ ಕಾಣಿಕೆಗೆ ಅದನ್ನೇ ಒಪ್ಪುತ್ತಿದ್ದರು. ಚಿಲ್ಲರೆಗೆ ಸ್ಥಳೀಯ ಕಂಚಿನ ನಾಣ್ಯಗಳಿದ್ದವು. ಪಿಲಾತ ಹೊರಡಿಸಿದ ಕಂಚಿನ ಕಾಸುಗಳ ಮೇಲೆ ಚಕ್ರವರ್ತಿಯ ತಲೆ ಇಲ್ಲ, ರೋಮನ್ ಪೂಜಾರಿಗಳ ಕೋಲು, ಸೌಟು ಇವೆ. 1960ರಲ್ಲಿ ಕರ್ಮೆಲ್ ಬೆಟ್ಟದ ಇಸ್ಫಿಯಾ ಎಂಬ ಹಳ್ಳಿಯಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು ನಾಲ್ಕೂವರೆ ಸಾವಿರ ಬೆಳ್ಳಿ ನಾಣ್ಯಗಳಿದ್ದವು. ಬಹುತೇಕ ಎಲ್ಲವೂ ತೂರ್‌ನವು. ರೋಮನ್ ಡೆನೇರಿಯಸ್ ನೂರರವತ್ತರ ಆಸುಪಾಸು. ಫೇಬಿಯನ್ ಉಡೊ ಎಂಬ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ, ಯೂದಾಯದ ತೆರಿಗೆಗಳನ್ನೇ ಕುರಿತ ಗ್ರಂಥದಲ್ಲಿ, ರೋಮಿನ ಕಂದಾಯವನ್ನು ಡೆನೇರಿಯಸ್‌ನಲ್ಲೇ ಕಟ್ಟಬೇಕಿತ್ತು ಎನ್ನಲು ಆಧಾರವಿಲ್ಲ ಎಂದು ವಾದಿಸಿದರು.

ಹಾಗಾದರೆ ಮಾರ್ಕ ಡೆನೇರಿಯಸ್ ಎಂದು ಬರೆದದ್ದೇಕೆ? ಮಾರ್ಕನ ಸುವಾರ್ತೆ ರಚನೆಯಾದದ್ದು ಕ್ರಿ.ಶ. 70ರ ಹಿಂದುಮುಂದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಓದುಗರು ಯೂದಾಯದ ಹೊರಗಿನವರಾಗಿದ್ದರೆ ಅವರ ಕೈಯಲ್ಲಿ ದಿನನಿತ್ಯ ಓಡಾಡುತ್ತಿದ್ದ ನಾಣ್ಯದ ಹೆಸರನ್ನೇ ಕತೆಗಾರ ಬಳಸಿರಬಹುದು. ಇದೇ ಪ್ರಸಂಗ ಬೈಬಲಿನ ಹೊರಗೂ ಬರುತ್ತದೆ, ಬಂದಲ್ಲೆಲ್ಲ ನಾಣ್ಯ ಬದಲಾಗುತ್ತದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ತೋಮನ ಸುವಾರ್ತೆಯಲ್ಲಿ ಯೇಸುವಿಗೆ ತೋರಿಸಿದ್ದು ಚಿನ್ನದ ನಾಣ್ಯ. 1935ರಲ್ಲಿ ಪ್ರಕಟವಾದ ಎಗರ್ಟನ್ ಪಪೈರಸ್ ತುಣುಕುಗಳಲ್ಲಿ ರಾಜರಿಗೆ ಸಲ್ಲಿಸುವುದರ ಬಗ್ಗೆ ಪ್ರಶ್ನೆಯಿದೆ, ನಾಣ್ಯದ ಮಾತೇ ಇಲ್ಲ. ಯೇಸು ಮೂಲದಲ್ಲಿ ನೋಡಿದ್ದು ಏನನ್ನು ಎಂಬುದನ್ನು ಪಠ್ಯಗಳೇ ಒಂದೇ ದನಿಯಲ್ಲಿ ಹೇಳುವುದಿಲ್ಲ. ಇದರಿಂದ ಆ ಮಾತಿನ ಬೆಲೆಯೇನೂ ಕುಗ್ಗದು. ಕೈಯಿಂದ ಕೈಗೆ ದಾಟಿ ಬಂದ ನೆನಪು ಹೇಗೆ ರೂಪ ಪಡೆಯಿತು ಎಂಬುದು ನಮಗೆ ಹತ್ತಿರದಿಂದ ಕಾಣುತ್ತದೆ, ಅದೂ ದೊಡ್ಡ ಲಾಭವೇ.

ಈಗ ನಮ್ಮ ಕಡೆಗೆ ಬರೋಣ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುದಾರಿಯ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ತೆಲಂಗಾಣದ ಅಕ್ಕನಪಲ್ಲೆಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು, ಕೊಯಮತ್ತೂರು ಕಡೆಯ ಬೂದಿನಾಥಂನಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು. ಈ ನಿಧಿಗಳಲ್ಲೆಲ್ಲ ಸಿಂಹಪಾಲು ಆಗಸ್ಟಸ್ ಮತ್ತು ಟೈಬೀರಿಯಸರದು. ಯೂದಾಯದಲ್ಲಿ ರೋಮಿನ ಆಳ್ವಿಕೆ ಇತ್ತು, ರೋಮಿನ ಬೆಳ್ಳಿ ವಿರಳವಾಗಿತ್ತು. ನಮ್ಮಲ್ಲಿ ರೋಮಿನ ಅಧಿಕಾರದ ನೆರಳೂ ಇರಲಿಲ್ಲ, ಬೆಳ್ಳಿ ಬಂದು ಸುರಿಯಿತು. ಕಾರಣ ವ್ಯಾಪಾರ. ಆಗಸ್ಟಸನ ಕಾಲಕ್ಕೆ ಕೆಂಪು ಸಮುದ್ರದ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂದು ಭೂಗೋಳಕಾರ ಸ್ಟ್ರೇಬೊ ಬರೆದ. ಭಾರತವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಎಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೋಳಾಡಿದ. ಮೆಣಸು, ಮುತ್ತು, ಹತ್ತಿಬಟ್ಟೆ, ದಂತ ಆ ಕಡೆಗೆ. ಬೆಳ್ಳಿ ಬಂಗಾರ ಈ ಕಡೆಗೆ.

ಕ್ರಿ.ಶ. 64ರಲ್ಲಿ ನೀರೊ ಡೆನೇರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ನಮ್ಮ ಕಡೆಯ ವರ್ತಕರು ಹಳೆಯ ಗಟ್ಟಿ ನಾಣ್ಯವನ್ನೇ ಆರಿಸಿ ಇಟ್ಟುಕೊಂಡರು ಎಂದು ಕೆಲವರ ವಾದ, ಟೈಬೀರಿಯಸನ ಕಾಲದಲ್ಲೇ ಬಂದ ರಾಶಿ ಇದು ಎಂದು ಇನ್ನು ಕೆಲವರ ವಾದ. ಪ್ಲಿನಿಯೇ ಇನ್ನೊಂದು ಸಂಗತಿ ಹೇಳುತ್ತಾನೆ. ಸಿಂಹಳದ ರಾಜ ಒಬ್ಬ ರೋಮನ್ನನ ಬಳಿಯಿದ್ದ ಡೆನೇರಿಯಸ್‌ಗಳನ್ನು ನೋಡಿ, ತಲೆಗಳು ಬೇರೆಬೇರೆಯಾಗಿದ್ದರೂ ತೂಕ ಒಂದೇ ಇದೆಯಲ್ಲ ಎಂದು ಆ ಜನರ ಪ್ರಾಮಾಣಿಕತೆಗೆ ತಲೆದೂಗಿದನಂತೆ. ಯೆರೂಸಲೇಮಿನಲ್ಲಿ ತಲೆಯೇ ಜಗಳ, ಸಿಂಹಳದಲ್ಲಿ ತೂಕವೇ ಮಾತು. ಚಂದ್ರವಳ್ಳಿಯ ವರ್ತಕನೂ ತೂಕ ನೋಡುವವನೇ ಆಗಿದ್ದಿರಬೇಕು. ಅವನ ಊರಿನಲ್ಲಿ ಸದಕಣ ಕಳಲಾಯ ಮಹಾರಠಿ ಎಂಬ ಒಡೆಯನ ಸೀಸದ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಚಲಾವಣೆಯಲ್ಲಿದ್ದವು.

ಯಶವಂತಪುರದ ರಾಶಿಯಷ್ಟು ಬೆಳ್ಳಿ ಚಂದ್ರವಳ್ಳಿಯಲ್ಲಿ ಇಲ್ಲ. ಆದರೂ ಅದರ ತೂಕ ಹೆಚ್ಚು, ಏಕೆಂದರೆ ಅಲ್ಲಿ ನಾಣ್ಯ ಒಂದು ಊರಿನ ಪದರದ ಜೊತೆ ಸೇರಿಕೊಂಡಿದೆ. 1929ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು. ಹಲ್ಮಿಡಿ ಶಾಸನವನ್ನು ಲೋಕಕ್ಕೆ ತಿಳಿಸಿದವರು ಅವರೇ. ಮಯೂರಶರ್ಮನ ಬಂಡೆಶಾಸನವನ್ನು ಬೆಳಕಿಗೆ ತಂದವರೂ ಅವರೇ. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ಎರಡು ವರ್ಷ ಹಿಂದೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಚೂರುಗಳ ಜೊತೆ ಸಿಕ್ಕಿದ್ದ, ಒಳತಳದಲ್ಲಿ ಸಣ್ಣ ಗೀರುಗಳ ಉಂಗುರವಿರುವ ತಟ್ಟೆಗಳು ಇಲ್ಲಿಯೂ ಬಂದವು. ರೋಮನ್ ಬೆಳ್ಳಿ ಆ ಕಾಲನಿರ್ಣಯಕ್ಕೆ ಒತ್ತಾಸೆಯಾಯಿತು. ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಒಂದು ಭದ್ರ ಗೂಟ ಸಿಕ್ಕಿದ್ದು ನಮ್ಮ ಈ ಜಿಲ್ಲೆಯಲ್ಲಿ.

ನಾಣ್ಯ ಹೇಳುವ ಕಾಲಕ್ಕೆ ಒಂದು ಮಿತಿಯಿದೆ. ಟೈಬೀರಿಯಸನ ನಾಣ್ಯ ಇರುವ ಪದರ ಅವನಿಗಿಂತ ಹಿಂದಿನದಾಗಲಾರದು. ಮುಂದಿನದು ಎಷ್ಟು ಬೇಕಾದರೂ ಆಗಬಹುದು. ಆದ್ದರಿಂದ ಮಣ್ಣಿನ ಬಣ್ಣ, ಪದರದ ಗೆರೆ, ಪಕ್ಕದ ಮಡಕೆಚೂರು ಎಲ್ಲವನ್ನೂ ಒಟ್ಟಿಗೆ ಓದಬೇಕು. ಚೌಕ ಚೌಕವಾಗಿ ಅಗೆದು, ನಡುವೆ ಮಣ್ಣಿನ ಗೋಡೆ ಉಳಿಸಿ, ಅದರ ಮೇಲೆ ಪದರ ಗುರುತಿಸುವ ವೀಲರರ ಕ್ರಮ ಇದಕ್ಕಾಗಿಯೇ. ಅದೇ ಕ್ರಮವನ್ನು ಬೈಬಲಿನ ನಾಡಿಗೆ ಒಯ್ದವರು 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವೀಲರ್ ದಂಪತಿಯ ಕೈಕೆಳಗೆ ಪಳಗಿದ ಕ್ಯಾಥ್ಲೀನ್ ಕೆನ್ಯನ್. ಯೆರಿಕೋದಲ್ಲಿ ಅವರಿಗಿಂತ ಮೊದಲು ಅಗೆದಿದ್ದ ಜಾನ್ ಗಾರ್‌ಸ್ಟಾಂಗ್, ಬಿದ್ದ ಗೋಡೆಯೊಂದನ್ನು ತೋರಿಸಿ ಇದೇ ಯೆಹೋಶುವನ ಮುಂದೆ ಕುಸಿದ ಗೋಡೆ ಎಂದಿದ್ದರು. 1952ರಿಂದ 1958ರವರೆಗೆ ಅಲ್ಲಿ ಕೆಲಸ ಮಾಡಿದ ಕೆನ್ಯನ್ ಪದರಗಳನ್ನು ಓದಿ, ಆ ಗೋಡೆ ಗಾರ್‌ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ತೋರಿಸಿದರು. ಧರ್ಮಗ್ರಂಥವನ್ನು ಸಾಬೀತು ಮಾಡಲು ಅಗೆಯುವುದರಿಂದ, ನೆಲ ಹೇಳಿದ್ದನ್ನು ಕೇಳಲು ಅಗೆಯುವುದರ ಕಡೆಗೆ ಆ ಶಾಸ್ತ್ರ ತಿರುಗಿದ್ದರಲ್ಲಿ ಯೆರಿಕೋಗೆ ದೊಡ್ಡ ಪಾಲಿದೆ. ವೀಲರ್ ಚಂದ್ರವಳ್ಳಿಯಲ್ಲಿದ್ದ ಆ 1947ರಲ್ಲೇ ಮೃತ ಸಮುದ್ರದ ದಂಡೆಯ ಕುಮ್ರಾನ್ ಗುಹೆಯಿಂದ ಕುರಿಗಾಹಿಗಳು ಎತ್ತಿತಂದ ಹೀಬ್ರೂ ಸುರುಳಿಗಳು ವಿದ್ವಾಂಸರ ಕೈ ಸೇರಿದವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರ ಬೇಕು. ಚಂದ್ರವಳ್ಳಿಯ ಬೆಳ್ಳಿ, ಆ ಕಾಲಕ್ಕೇ ಇಲ್ಲಿ ಕ್ರೈಸ್ತರಿದ್ದರು ಎನ್ನಲು ಸಾಕ್ಷಿಯಲ್ಲ. ನಾಣ್ಯ ನಡೆದ ದಾರಿಯಲ್ಲೆಲ್ಲ ನಂಬಿಕೆ ನಡೆದಿರಬೇಕೆಂದಿಲ್ಲ. ಅಪೊಸ್ತಲ ತೋಮ ಭಾರತಕ್ಕೆ ಬಂದ ಕತೆ ಹೇಳುವ ಮೂರನೆಯ ಶತಮಾನದ ಸಿರಿಯಾಕ್ ಕೃತಿಯಲ್ಲಿ ಗುಂಡಫರನೆಂಬ ರಾಜ ಬರುತ್ತಾನೆ. ಅವನು ಕಟ್ಟುಕತೆಯ ರಾಜನೆಂದೇ ಹಲವರು ತಿಳಿದಿದ್ದರು. 19ನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಗೊಂಡೊಫರೀಸನ ನಾಣ್ಯಗಳು ಹೊರಬಂದಾಗ ರಾಜ ನಿಜವೆಂದಾಯಿತು. ತೋಮನ ಪ್ರಯಾಣಕ್ಕೆ ಅದೊಂದೇ ಸಾಲದು ಎಂದು ವಿದ್ವಾಂಸರು ಅಲ್ಲಿಗೇ ನಿಂತರು. ಆ ಸಂಯಮ ನಮಗೂ ಬೇಕು.

ಯೆರೂಸಲೇಮಿನಲ್ಲಿ ಕ್ರಿ.ಶ. 70ಕ್ಕಿಂತ ಹಿಂದಿನ ಪದರದಲ್ಲಿ ನಾಳೆ ಟೈಬೀರಿಯಸನ ಡೆನೇರಿಯಸ್‌ಗಳು ಒಂದಷ್ಟು ಸಿಕ್ಕರೆ ಉಡೊ ಅವರ ವಾದ ಅಲುಗಾಡುತ್ತದೆ. ಹಾಗೆಯೇ ಹೊಳಲ್ಕೆರೆಯ ಹೊಲದಲ್ಲೋ ಹೊಸದುರ್ಗದ ತೋಟದ ಪಾಯದಲ್ಲೋ ಅಂಥದೇ ಬೆಳ್ಳಿ ಅದಿದ್ದ ಗಡಿಗೆಯ ಸಮೇತ ಸಿಕ್ಕರೆ, ಅದು ಟೈಬೀರಿಯಸನ ಕಾಲದಲ್ಲೇ ಬಂತೋ ನೀರೊನ ನಂತರ ಬಂತೋ ಎಂಬ ಪ್ರಶ್ನೆಗೆ ಹೊಸ ಪುರಾವೆ ಸಿಗುತ್ತದೆ. ಬೆಳ್ಳಿಯಂಗಡಿಯ ಮೂಸೆಗೆ ಹೋದರೆ ತೂಕದ ದುಡ್ಡಷ್ಟೇ ಉಳಿಯುತ್ತದೆ. ನಿಧಿ ಕಾಯ್ದೆಯ ಪ್ರಕಾರ ಇಂಥದ್ದು ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಳಿಸುವಾಗ ಸಿಕ್ಕ ಜಾಗ, ಎಷ್ಟು ಆಳ, ಜೊತೆಗಿದ್ದ ಮಡಕೆಯ ಚೂರು ಇವನ್ನೂ ಹೇಳಿ; ಚೂರುಗಳನ್ನು ಬಿಸಾಡಬೇಡಿ, ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ.