ತೊಗಲಿನ ಕೆಲಸ

1991ರಲ್ಲಿ ಆಸ್ಟ್ರಿಯ ಮತ್ತು ಇಟಲಿ ದೇಶಗಳ ಗಡಿಯಲ್ಲಿರುವ ಆಲ್ಪ್ಸ್ ಪರ್ವತಗಳಲ್ಲಿ, ಕರಗುತ್ತಿದ್ದ ಹಿಮದೊಳಗಿಂದ ಮನುಷ್ಯದೇಹವೊಂದು ಕಾಣಿಸಿಕೊಂಡಿತು. ಯಾರೋ ಪರ್ವತಾರೋಹಿ ಇತ್ತೀಚೆಗೆ ಅಪಘಾತಕ್ಕೀಡಾಗಿರಬೇಕೆಂದು ಮೊದಲು ಭಾವಿಸಲಾಯಿತು. ಪರೀಕ್ಷಿಸಿ ನೋಡಿದಾಗ ಅವನು ಸುಮಾರು 5,300 ವರ್ಷಗಳ ಹಿಂದೆ ಬಾಳಿದವನೆಂದು ತಿಳಿದುಬಂದಿತು. ಅವನ ಸಾಮಗ್ರಿಗಳಲ್ಲಿ ಕರುವಿನ ತೊಗಲಿನ ಸೊಂಟಪಟ್ಟಿಯೊಂದಿತ್ತು. ಅದಕ್ಕೆ ಹೊಲಿದಿದ್ದ ಚೀಲದಲ್ಲಿ ಕಲ್ಲಿನ ಸಲಕರಣೆಗಳೂ, ಬೆಂಕಿ ಹೊತ್ತಿಸಲು ಬೇಕಾಗುವ ಒಣ ಅಣಬೆಯೂ, ಚುಚ್ಚಲು ಬಳಸುವ ಮೂಳೆಯ ಉಳಿಯೂ ಇದ್ದವು. ದಾರಿಯಲ್ಲಿ ಏನಾದರೂ ಹರಿದರೆ ತಾನೇ ಹೊಲಿದುಕೊಳ್ಳಬೇಕೆಂಬ ಎಚ್ಚರ ಆ ಬೆಟ್ಟಗಾರನಿಗೆ ಇದ್ದಿರಬೇಕು.

ಇಂದು ಸೊಂಟಪಟ್ಟಿಯನ್ನು ಯಾರೂ ಸ್ವತಃ ಮಾಡಿಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ಹತ್ತಾರು ಬಗೆ ಅಗ್ಗವಾಗಿ ದೊರೆಯುತ್ತವೆ. ಆದರೆ ಅವುಗಳಲ್ಲಿ ಹಲವು ತೊಗಲಿನ ಪುಡಿಯನ್ನು ಅಂಟಿನೊಡನೆ ಒತ್ತಿ, ಮೇಲೆ ಬಣ್ಣದ ಪದರ ಹಚ್ಚಿದವು. ಸ್ವಲ್ಪ ಕಾಲದಲ್ಲೇ ಆ ಪದರ ಸುಲಿದುಬರುತ್ತದೆ. ಇದರಿಂದ ಬೇಸತ್ತೋ, ಕೈಕೆಲಸದ ಮೇಲಿನ ಆಸೆಯಿಂದಲೋ ಬಿಡುವಿನ ವೇಳೆಯಲ್ಲಿ ತೊಗಲಿನ ಕೆಲಸಕ್ಕೆ ಕುಳಿತುಕೊಳ್ಳುವವರು ಅನೇಕ ದೇಶಗಳಲ್ಲಿದ್ದಾರೆ. ನಮ್ಮ ನಗರಗಳಲ್ಲಿಯೂ ಇದ್ದಾರೆ. ಸೊಂಟಪಟ್ಟಿ, ಚಾರಣಕ್ಕೆ ಒಯ್ಯುವ ಚಾಕುವಿನ ಒರೆ, ಕೊಡಲಿಯ ಬಾಯಿಗೆ ತೊಡಿಸುವ ಕವಚ, ನೀರಿನ ಸೀಸೆಯ ತೂಗುಪಟ್ಟಿ—ಇವು ಹವ್ಯಾಸಿಗಳು ಸಾಮಾನ್ಯವಾಗಿ ತಯಾರಿಸುವ ವಸ್ತುಗಳು.

ಹಸಿಯ ತೊಗಲು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಮರದಂತೆ ಬಿರುಸಾಗುತ್ತದೆ. ಅದನ್ನು ಬಾಳಿಕೆಯ ಚರ್ಮವನ್ನಾಗಿ ಮಾಡುವುದೇ ಹದ. ಅಳಲೆಕಾಯಿಯನ್ನು ಕಚ್ಚಿದವರಿಗೆ ನಾಲಿಗೆ ಒಗರಾಗಿ ಬಿಗಿದುಕೊಳ್ಳುವ ಅನುಭವವಿರುತ್ತದೆ. ಕಾಯಿಯಲ್ಲಿರುವ ಟ್ಯಾನಿನ್ ಎಂಬ ವಸ್ತುವು ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದೇ ಅದಕ್ಕೆ ಕಾರಣ. ತೊಗಲಿನಲ್ಲಿ ನಡೆಯುವುದೂ ಅಂಥದೇ ಕ್ರಿಯೆ. ಅಳಲೆಕಾಯಿ, ತಂಗಡಿಯ ತೊಗಟೆ, ಜಾಲಿಯ ತೊಗಟೆ ಮೊದಲಾದವುಗಳನ್ನು ನೆನೆಸಿದ ನೀರಿನಲ್ಲಿ ತೊಗಲನ್ನು ವಾರಗಟ್ಟಲೆ ಇಟ್ಟಾಗ ಅವುಗಳ ಒಗರು ಒಳಗಿಳಿದು, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಕೂಡಿಕೊಳ್ಳುತ್ತದೆ. ಬಳಿಕ ಆ ಎಳೆಗಳು ಸುಲಭವಾಗಿ ಕೊಳೆಯಲಾರವು. 1884ರಲ್ಲಿ ಅಗಸ್ಟಸ್ ಶುಲ್ಟ್ಸ್ ಎಂಬಾತನು ಕ್ರೋಮಿಯಂ ಲವಣಗಳಿಂದ ಹದ ಮಾಡುವ ಒಂದು ವಿಧಾನಕ್ಕೆ ಅಮೆರಿಕದಲ್ಲಿ ಸ್ವಾಮ್ಯಪತ್ರ ಪಡೆದನು. ವಾರಗಳ ಕೆಲಸ ಒಂದೆರಡು ದಿನಗಳಿಗೆ ಇಳಿಯಿತು. ಇಂದು ಜಗತ್ತಿನ ಬಹುಪಾಲು ಚರ್ಮವನ್ನು ಕ್ರೋಮಿಯಂನಿಂದಲೇ ಹದ ಮಾಡುತ್ತಾರೆ. ಅದು ಮೃದುವಾದುದು, ನೀರಿಗೆ ಅಂಜದು, ಕೈಚೀಲಕ್ಕೆ ಒಳ್ಳೆಯದು. ಆದರೆ ಸೊಂಟಪಟ್ಟಿಗೂ ಒರೆಗೂ ತೊಗಟೆಯ ಹದದ ಗಟ್ಟಿ ಚರ್ಮವೇ ಸರಿ. ಕತ್ತರಿಸಿದ ಅಂಚಿನಲ್ಲಿ ನೀಲಿಬೂದು ಛಾಯೆ ಕಂಡರೆ ಅದು ಕ್ರೋಮಿಯಂ ಹದವೆಂದು ತಿಳಿಯಬಹುದು.

ಒಂದೇ ಚರ್ಮವಾದರೂ ಎಲ್ಲ ಭಾಗವೂ ಒಂದೇ ಬಗೆಯಾಗಿರುವುದಿಲ್ಲ. ಹೊಟ್ಟೆಯ ಭಾಗ ಸಡಿಲ, ಎಳೆದಷ್ಟೂ ಹಿಗ್ಗುತ್ತದೆ. ಬೆನ್ನಿನ ಭಾಗದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಆದಕಾರಣ ಸೊಂಟಪಟ್ಟಿಯನ್ನು ಬೆನ್ನೆಲುಬಿಗೆ ಸಮಾನಾಂತರವಾಗಿ, ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ದಪ್ಪದ ಭಾಗದಿಂದ ಕೊಯ್ಯಬೇಕು. ಉದ್ದದ ಲೆಕ್ಕವನ್ನು ಷರಾಯಿಯ ಮೇಲಿನ ಅಂಕಿಯಿಂದ ತೆಗೆಯಬಾರದು. ಬಳಕೆಯಲ್ಲಿರುವ ಹಳೆಯ ಪಟ್ಟಿಯ ಬಕಲ್ ತುದಿಯಿಂದ ದಿನವೂ ಸಿಕ್ಕಿಸುವ ರಂಧ್ರದವರೆಗೆ ಅಳೆಯುವುದು ಖಚಿತವಾದ ದಾರಿ. ಹೊಸ ಪಟ್ಟಿಯಲ್ಲಿ ಆ ಅಳತೆಗೆ ನಡುವಿನ ರಂಧ್ರ ಬರಬೇಕು; ಅದರ ಎರಡೂ ಕಡೆ ಒಂದೊಂದು ಅಂಗುಲಕ್ಕೆ ಎರಡೆರಡು ರಂಧ್ರಗಳನ್ನು ಕೊರೆದರೆ ಒಟ್ಟು ಐದಾಗುತ್ತವೆ. ಬಕಲ್ ಸುತ್ತ ಮಡಚುವ ತುದಿಯನ್ನು ಅರ್ಧ ದಪ್ಪಕ್ಕೆ ಹೆರೆದುಕೊಳ್ಳಬೇಕು. ಇಲ್ಲವಾದರೆ ಮಡಿಕೆ ಗಂಟಿನಂತೆ ಉಬ್ಬಿ ನಿಲ್ಲುತ್ತದೆ.

ಬಟ್ಟೆ ಹೊಲಿಯುವವನಿಗೆ ಇರುವ ಒಂದು ಅನುಕೂಲ ಇಲ್ಲಿ ಇಲ್ಲ. ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿದರೆ ಗುರುತು ಬಹುಮಟ್ಟಿಗೆ ಮಾಯವಾಗುತ್ತದೆ. ತೊಗಲಿನಲ್ಲಿ ಚುಚ್ಚಿದ ರಂಧ್ರ ಎಂದೆಂದಿಗೂ ಉಳಿಯುತ್ತದೆ. ಹೀಗಾಗಿ ಗೆರೆ ಹಾಕಿ, ಸುಮಾರು ನಾಲ್ಕು ಮಿಲಿಮೀಟರಿಗೊಂದರಂತೆ ಸಮನಾಗಿ ಗುರುತು ಮಾಡಿ, ಆಮೇಲೆಯೇ ಉಳಿಯನ್ನು ಊರಬೇಕು. ಈ ಗುರುತಿನ ಕೆಲಸಕ್ಕೆ ಹಿಡಿಯುವ ಹೊತ್ತು ಹೊಲಿಗೆಯ ಹೊತ್ತಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ.

ಹೊಲಿಗೆಗೆ ಬೇಕಾದುದು ಒಂದು ದಾರ, ಎರಡು ಸೂಜಿ. ಹೊಲಿಯಬೇಕಾದ ಉದ್ದದ ನಾಲ್ಕು ಪಟ್ಟು ದಾರವನ್ನು ತೆಗೆದುಕೊಂಡು, ಜೇನುಮೇಣದಲ್ಲಿ ಎಳೆದು, ಎರಡು ತುದಿಗೂ ಒಂದೊಂದು ಸೂಜಿ ಪೋಣಿಸುತ್ತಾರೆ. ಪ್ರತಿ ರಂಧ್ರದಲ್ಲಿಯೂ ಎಡಗೈಯ ಸೂಜಿ ಬಲಕ್ಕೆ, ಬಲಗೈಯ ಸೂಜಿ ಎಡಕ್ಕೆ ಹಾಯುತ್ತದೆ. ಕುದುರೆಯ ಜೀನು ಮಾಡುವವರಿಂದ ಬಂದ ಈ ಕ್ರಮಕ್ಕೆ ಜೀನಿನ ಹೊಲಿಗೆಯೆಂದು ಹೆಸರು. ಹೊಲಿಗೆಯಂತ್ರದಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಒಂದನ್ನೊಂದು ಕೊಕ್ಕೆಯಂತೆ ಹಿಡಿದಿರುತ್ತವೆ. ಒಂದು ಹರಿದರೆ ಮತ್ತೊಂದಕ್ಕೆ ಹಿಡಿತ ತಪ್ಪಿ, ನೆರೆಯ ಹೊಲಿಗೆಗಳೂ ಸಡಿಲವಾಗುತ್ತವೆ. ಜೀನಿನ ಹೊಲಿಗೆಯಲ್ಲಿ ಎರಡು ಎಳೆಗಳೂ ಪ್ರತಿ ರಂಧ್ರವನ್ನು ಹಾದುಹೋಗಿರುವುದರಿಂದ ಒಂದು ಕಡಿದರೂ ಇನ್ನೊಂದು ಹಿಡಿದು ನಿಲ್ಲುತ್ತದೆ. ಯಂತ್ರ ಎಷ್ಟೇ ವೇಗವಾಗಿ ಹೊಲಿದರೂ ಈ ಒಂದು ಗುಣ ಕೈಹೊಲಿಗೆಗೇ ಮೀಸಲು.

ಇಂದು ಹವ್ಯಾಸವೆನಿಸಿಕೊಂಡಿರುವ ಈ ಕೆಲಸ ನಮ್ಮ ನಾಡಿನಲ್ಲಿ ಬಹುಕಾಲ ಹವ್ಯಾಸವಾಗಿರಲಿಲ್ಲ. ಇದನ್ನು ಹುಟ್ಟಿನಿಂದಲೇ ಕೆಲವರ ಹೆಗಲಿಗೆ ಹೊರಿಸಿ, ಮಾಡಿದವರನ್ನು ಊರ ಹೊರಗೆ ಇರಿಸಲಾಗಿತ್ತು. ಕಪಿಲೆ ಬಾವಿಯ ಚೀಲ, ಎತ್ತಿನ ಕೊರಳಪಟ್ಟಿ, ಊರವರ ಕಾಲಿನ ಮೆಟ್ಟು ಎಲ್ಲವೂ ಅವರ ಕೈಯಿಂದ ಬರಬೇಕಿತ್ತು. ಅವರು ಮಾತ್ರ ಒಳಗೆ ಬರುವಂತಿರಲಿಲ್ಲ. ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯ, ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯ ಇವರನ್ನು ಹನ್ನೆರಡನೆಯ ಶತಮಾನದ ಶರಣರು ಹಿರಿಯರೆಂದು ಗೌರವಿಸಿದರು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿಗಳ ಹೆಸರೇ ಸೇರಿಕೊಂಡಿದೆ. ತನ್ನ ಸಲಕರಣೆಗಳನ್ನು ಆತನು ಮರೆಮಾಚಲಿಲ್ಲ. ಅಸ್ಪೃಶ್ಯತೆಯನ್ನು ಕಾನೂನಿನಿಂದ ತೊಡೆದುಹಾಕಲು 1950ರಲ್ಲಿ ಜಾರಿಗೆ ಬಂದ ಸಂವಿಧಾನವೇ ಬೇಕಾಯಿತು.

ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳನ್ನು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆಯೂ ತಲೆತಲಾಂತರದಿಂದ ತಯಾರಿಸುತ್ತ ಬಂದಿದ್ದಾರೆ. ತೊಗಟೆಯ ಹದದ ಚರ್ಮ, ತೊಗಲಿನ ಎಳೆಯಿಂದಲೇ ಹೊಲಿಗೆ, ಮೊಳೆಯ ಹಂಗಿಲ್ಲ. 2018-19ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಹವ್ಯಾಸಿಯೊಬ್ಬನು ಎರಡು ರಜಾದಿನಗಳಲ್ಲಿ ಒಂದು ಪಟ್ಟಿಯನ್ನು ಮುಗಿಸಿ ಸ್ನೇಹಿತರಿಗೆ ತೋರಿಸಿ ಹೊಗಳಿಸಿಕೊಳ್ಳುತ್ತಾನೆ. ಅದೇ ಉಳಿಯಿಂದ ಅನ್ನ ಸಂಪಾದಿಸುವವನಿಗೆ ಸಿಗುವುದು ಹೊಗಳಿಕೆಯಲ್ಲ, ಚೌಕಾಶಿ. ಒಮ್ಮೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದವನಾದರೂ ಸಂತೆಯಲ್ಲಿ ಚಪ್ಪಲಿಯ ಬೆಲೆ ಇಳಿಸುವಂತೆ ಕೇಳುವ ಮೊದಲು ಸ್ವಲ್ಪ ತಡೆಯುತ್ತಾನೆ.

ಸೊಂಟಪಟ್ಟಿ ಕೈಗೆ ಕೂಡಿಬಂದ ಮೇಲೆ ಚಾಕುವಿನ ಒರೆಯನ್ನು ಪ್ರಯತ್ನಿಸಬಹುದು. ತೊಗಟೆಯ ಹದದ ಚರ್ಮವನ್ನು ನೀರಿನಲ್ಲಿ ನೆನೆಸಿದರೆ ಜೇಡಿಮಣ್ಣಿನಂತೆ ಮಣಿಯುತ್ತದೆ. ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಾಕುವನ್ನು ಒಳಗಿಟ್ಟು ಬೆರಳುಗಳಿಂದ ಒತ್ತಿ, ನೆರಳಿನಲ್ಲಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅವಸರಪಟ್ಟು ಬೆಂಕಿಯ ಬಳಿ ಇಟ್ಟರೆ ಒದ್ದೆ ಚರ್ಮ ಮುದುಡಿ ಸೀಳು ಬಿಡುತ್ತದೆ. ಅಂಚಿನ ಹೊಲಿಗೆಯ ಒಳಬದಿಗೆ ಮತ್ತೊಂದು ಚರ್ಮದ ಪಟ್ಟಿಯನ್ನು ಸೇರಿಸಿ ಹೊಲಿಯುವುದನ್ನು ಮರೆಯಬಾರದು. ಚಾಕುವಿನ ಅಲಗು ಮೊದಲು ತಾಗುವುದು ಆ ಪಟ್ಟಿಗೆ, ದಾರಕ್ಕಲ್ಲ. ಈ ಪಟ್ಟಿಯಿಲ್ಲದ ಒರೆಯಲ್ಲಿ ಅಲಗು ದಾರವನ್ನು ಕೊಯ್ದು ಸೊಂಟಕ್ಕೋ ತೊಡೆಗೋ ತಾಗಬಹುದು. ಇನ್ನೊಂದು ಮಾತು: ಚಾರಣ ಮುಗಿದ ಮೇಲೆ ಚಾಕುವನ್ನು ಒರೆಯಲ್ಲೇ ಬಿಡಬಾರದು. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಉಕ್ಕಿಗೆ ತುಕ್ಕು ಹತ್ತುತ್ತದೆ.

ಕೊನೆಗೆ ಉಳಿಯುವುದು ಅಂಚಿನ ಕೆಲಸ. ಕೊಯ್ದ ಅಂಚಿನ ಮೂಲೆಗಳನ್ನು ಹೆರೆದು, ನೀರು ಸವರಿ, ನಯವಾದ ಮರದ ತುಂಡಿನಿಂದ ಉಜ್ಜುತ್ತ ಹೋದರೆ ಎದ್ದುನಿಂತ ಎಳೆಗಳು ಮಲಗಿ ಅಂಚು ಹೊಳಪೇರುತ್ತದೆ. ಆಗಾಗ್ಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಬಳಸಿದರೆ ಇಂಥ ಪಟ್ಟಿ ಹಲವು ವರ್ಷ ಬಾಳುತ್ತದೆ, ಬಣ್ಣ ಮಾತ್ರ ವರ್ಷದಿಂದ ವರ್ಷಕ್ಕೆ ಕಂದಾಗುತ್ತ ಹೋಗುತ್ತದೆ. ಚರ್ಮಕ್ಕಿಂತ ಮೊದಲು ಸವೆಯುವುದು ದಾರ. ಆಗ ಹಳೆಯ ದಾರವನ್ನು ಬಿಡಿಸಿ ತೆಗೆದು, ಮೊದಲು ಚುಚ್ಚಿದ ಅವೇ ರಂಧ್ರಗಳಲ್ಲಿ ಹೊಸ ದಾರವನ್ನು ಹಾಯಿಸಿದರಾಯಿತು.