ತಂಗಿಯ ಫೀಜು ಮತ್ತು ವರಮಾನ ತೆರಿಗೆ

ವರಮಾನ ತೆರಿಗೆಯೆಂಬುದು ಸಿರಿವಂತರ ಚಿಂತೆ, ನಮಗೇಕೆ ಎಂದು ನಮ್ಮಲ್ಲಿ ಬಹಳ ಮಂದಿ ಭಾವಿಸುತ್ತಾರೆ. ಇದು ಅರ್ಧ ಮಾತ್ರ ನಿಜ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ತೊಗರಿ, ಜೋಳ, ಕಬ್ಬಿನಿಂದ ಬರುವ ವರಮಾನಕ್ಕೆ ಈ ತೆರಿಗೆ ಇಲ್ಲ. ತೆರಿಗೆಯೇ ಇಲ್ಲದವನಿಗೆ ಅದರ ರಿಯಾಯಿತಿಯೂ ಇಲ್ಲ. ಆದರೆ ಅದೇ ಮನೆಯ ಹಿರಿಯ ಮಗ ನೌಕರಿಗೆ ಸೇರಿ, ತಮ್ಮ ತಂಗಿಯರ ಕಾಲೇಜಿನ ಖರ್ಚನ್ನು ಹೊತ್ತರೆ, ಅವನಿಗೆ ಸರಕಾರ ಏನನ್ನಾದರೂ ಬಿಟ್ಟುಕೊಡುತ್ತದೆಯೆ? ಇದನ್ನಿಷ್ಟು ವಿಚಾರಿಸೋಣ.

1961ರ ವರಮಾನ ತೆರಿಗೆ ಕಾಯಿದೆಯ 80ಸಿ ಕಲಮಿನಂತೆ, ಭಾರತದಲ್ಲಿ ಪೂರ್ಣಕಾಲ ಓದುವ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ತಂದೆಯಾಗಲಿ ತಾಯಿಯಾಗಲಿ ತಮ್ಮ ವರಮಾನದಲ್ಲಿ ಕಳೆಯಬಹುದು. ವಿಮೆ, ಭವಿಷ್ಯನಿಧಿ ಮೊದಲಾದವು ಸೇರಿ ವರ್ಷದ ಮಿತಿ 1,50,000 ರೂಪಾಯಿ. ದೇಣಿಗೆಯೂ ಅಭಿವೃದ್ಧಿ ಶುಲ್ಕವೂ ಲೆಕ್ಕಕ್ಕಿಲ್ಲ. 80ಇ ಕಲಮು ಉನ್ನತ ಶಿಕ್ಷಣಕ್ಕೆಂದು ಬ್ಯಾಂಕಿನಿಂದ ಪಡೆದ ಸಾಲದ ಬಡ್ಡಿಗೆ ಸಂಬಂಧಿಸಿದ್ದು. ಸಾಲ ತನ್ನ ಓದಿಗಾಗಿ ಇರಬೇಕು; ಇಲ್ಲವೆ ಹೆಂಡತಿ ಅಥವಾ ಗಂಡನ, ಮಕ್ಕಳ, ತಾನು ಕಾನೂನಿನಂತೆ ಪಾಲಕನಾಗಿರುವ ವಿದ್ಯಾರ್ಥಿಯ ಓದಿಗಾಗಿ ಇರಬೇಕು. ಬಡ್ಡಿಯನ್ನು ಹೆಚ್ಚೆಂದರೆ 8 ವರ್ಷ ಕಳೆಯಬಹುದು. 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಈ ಎರಡು ಪಟ್ಟಿಗಳಲ್ಲಿಯೂ ತಮ್ಮನಿಲ್ಲ, ತಂಗಿಯಿಲ್ಲ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ 24 ವರ್ಷ ತುಂಬದ, ಪೂರ್ಣಕಾಲ ಓದುವ ಮಗನನ್ನಷ್ಟೇ ಅಲ್ಲ, ತನ್ನೊಡನೆ ಇರುವ, ತನಗಿಂತ ಕಿರಿಯ ತಮ್ಮ ತಂಗಿಯರನ್ನೂ ನಿಯಮಗಳಿಗೆ ಒಳಪಟ್ಟು ಅವಲಂಬಿತರೆಂದು ತೋರಿಸಬಹುದು. ಕಾಲೇಜಿನ ಮೊದಲ ನಾಲ್ಕು ವರ್ಷಗಳ ಖರ್ಚಿಗೆ ವರ್ಷಕ್ಕೆ 2,500 ಡಾಲರುಗಳವರೆಗೆ ತೆರಿಗೆಯಲ್ಲಿಯೇ ವಜಾ ಸಿಗುತ್ತದೆ. ತೆರಿಗೆ ಬಾಕಿಯಿಲ್ಲದವನಿಗೂ ಅದರಲ್ಲಿ 1,000 ಡಾಲರುಗಳವರೆಗೆ ಕೈಗೆ ಬರಬಹುದು.

ನಮ್ಮಲ್ಲಿ 2023–24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಅದರಲ್ಲಿ ಮೇಲಿನ ಎರಡು ರಿಯಾಯಿತಿಗಳೂ ಇಲ್ಲ. ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಅವು ದೊರೆಯುತ್ತವೆ. ಬದಲಾಗಿ 2025–26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷ ರೂಪಾಯಿವರೆಗಿನ ಸಂಬಳದಾರನಿಗೆ ತೆರಿಗೆ ಬೀಳದು. ಆದ್ದರಿಂದ ಎರಡು ಪದ್ಧತಿಗಳ ಲೆಕ್ಕವನ್ನೂ ಹಾಕಿ ನೋಡುವುದು ಜಾಣತನ. ಇನ್ನೊಂದು ಮಾತು: ಓದಿಗೆ ಸಾಲ ಮಾಡಲೇಬೇಕಾದರೆ ವಿದ್ಯಾರ್ಥಿಯ ಹೆಸರು ಸಾಲಗಾರನಾಗಿ ಇರಲಿ. ನಾಳೆ ಅವನೇ ದುಡಿದು ಬಡ್ಡಿ ತೀರಿಸುವಾಗ ಬಡ್ಡಿಯ ರಿಯಾಯಿತಿ ಅವನಿಗೆ ಒದಗೀತು. ಅಣ್ಣ ತನ್ನ ಹೆಸರಿನಲ್ಲಿ ಸಾಲ ತಂದರೆ ಇಬ್ಬರಿಗೂ ಇಲ್ಲ.

ನಮ್ಮ ಮನೆತನದಲ್ಲಿ ಬಿ.ಎ. ಅಂತಿಮ ವರ್ಷಕ್ಕೆ ಬಂದವನು ನಾನೇ ಮೊದಲಿಗ. ನನ್ನ ಹಿಂದೆ ತಂಗಿ ಇದ್ದಾಳೆ. ನಾಳೆ ಅವಳ ಫೀಜು ನಾನು ಕಟ್ಟಬೇಕಾದದ್ದು. ನನ್ನಂಥವರು ಈ ಕಾಲೇಜಿನಲ್ಲಿ ಹಲವರಿದ್ದಾರೆ. ಉಳಿಯುವ ಹಣ ಅಲ್ಪವಿರಬಹುದು. ಆದರೂ ನಮ್ಮ ಮನೆಗಳಲ್ಲಿ ಓದಿಸುವವರು ಅಣ್ಣಂದಿರೂ ಅಕ್ಕಂದಿರೂ ಆಗಿರುವಾಗ, ಕಾಯಿದೆಯ ಕುಟುಂಬದಲ್ಲಿ ಅವರಿಗೂ ಒಂದು ಸ್ಥಾನ ದೊರೆಯಬೇಕೆಂಬುದು ನನ್ನ ಅಭಿಪ್ರಾಯ. ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಗುರುವರ್ಯರೂ ಇದನ್ನು ಚರ್ಚೆಗೆ ಎತ್ತಿಕೊಳ್ಳಲೆಂದು ವಿನಂತಿಸುತ್ತೇನೆ.