ಗುರುಗ್ರಹದ ಮೇಘಗಳೂ ಅವರಕ್ತ ಕಿರಣಗಳೂ

ದೂರದರ್ಶಕದಲ್ಲಿ ನೋಡಿದರೆ ಗುರುಗ್ರಹದ ಮೈಮೇಲೆ ಬಿಳಿಯ ಮತ್ತು ಕಂದು ಬಣ್ಣದ ಪಟ್ಟೆಗಳು ಅಡ್ಡಲಾಗಿ ಹಬ್ಬಿರುವುದು ಕಾಣುತ್ತದೆ. ಇವು ನೆಲವಲ್ಲ, ಮೇಘಗಳು. ಕಣ್ಣಿಗೆ ತೋರುವ ಬೆಳಕಾದರೂ ಗ್ರಹದ ಸ್ವಂತದ್ದಲ್ಲ. ಮೇಘಗಳ ಮೇಲೆ ಬಿದ್ದು ಹಿಂದಿರುಗಿದ ಸೂರ್ಯನ ಬೆಳಕು. ಆದುದರಿಂದ ಕಪ್ಪಾಗಿ ತೋರುವ ಎಡೆಯಲ್ಲಿ ಮೇಘದ ಬಣ್ಣವೇ ಕಪ್ಪೋ, ಅಥವಾ ಮೇಘವು ಹರಿದು ಆಳವು ಕಾಣುತ್ತಿದೆಯೋ ಎಂಬುದನ್ನು ಆ ಬೆಳಕೊಂದರಿಂದಲೇ ನಿರ್ಣಯಿಸಲಾಗದು.

ಈ ಸಂದೇಹವನ್ನು ಪರಿಹರಿಸಲು ಮತ್ತೊಂದು ಬಗೆಯ ಕಿರಣವು ನೆರವಾಗುತ್ತದೆ. ೧೮೦೦ರಲ್ಲಿ ವಿಲಿಯಂ ಹರ್ಷೆಲನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನಿಂದಾಚೆಗೆ ಉಷ್ಣಮಾಪಕವನ್ನಿರಿಸಿದಾಗ ಅಲ್ಲಿಯೂ ಶಾಖವಿರುವುದು ಗೊತ್ತಾಯಿತು. ಕಣ್ಣಿಗೆ ಕಾಣದ ಈ ಕಿರಣಗಳೇ ಅವರಕ್ತ ಕಿರಣಗಳು. ಗುರುಗ್ರಹವು ಸೂರ್ಯನಿಂದ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಶಾಖವನ್ನು ಈ ರೂಪದಲ್ಲಿ ಹೊರಸೂಸುತ್ತದೆ. ಗ್ರಹವು ರೂಪುಗೊಂಡಾಗ ಒಳಗೆ ಉಳಿದ ಬಿಸಿಯು ಇನ್ನೂ ಆರಿಲ್ಲ.

ಅವರಕ್ತದಲ್ಲಿ ೫ ಮೈಕ್ರಾನಿನ ಸುತ್ತಣ ಅಲೆಗಳಿಗೆ ವಿಶೇಷ ಗುಣವುಂಟು. ಗ್ರಹದ ಅನಿಲಗಳು ಅವನ್ನು ಅಷ್ಟಾಗಿ ಹೀರುವುದಿಲ್ಲ. ದಟ್ಟವಾದ ಮೇಘಗಳು ಮಾತ್ರ ತಡೆಯುತ್ತವೆ. ಇರುಳಿನಲ್ಲಿ ದೀಪವುರಿಯುವ ಮನೆಯನ್ನು ಹೊರಗೆ ನಿಂತು ನೋಡಿದಂತೆ: ಮುಚ್ಚಿದ ಕಡೆ ಕತ್ತಲೆ, ಬಿರುಕಿದ್ದ ಕಡೆ ಬೆಳಕು. ಹೀಗಾಗಿ ಚಿತ್ರವು ತಿರುವುಮುರುವಾಗುತ್ತದೆ. ಬಿಳಿಯ ಪಟ್ಟೆಗಳು ಕಪ್ಪಾಗಿಯೂ ಕಂದು ಪಟ್ಟೆಗಳು ಉಜ್ವಲವಾಗಿಯೂ ತೋರುತ್ತವೆ. ಪ್ರಸಿದ್ಧವಾದ ಮಹಾರಕ್ತಚಿಹ್ನೆಯ ಒಳಗಿರುವ ಕಪ್ಪು ಗೆರೆಗಳೂ ಹೀಗೆಯೇ. ಹವಾಯಿಯ ಜೆಮಿನಿ ದೂರದರ್ಶಕದಿಂದ ತೆಗೆದು ೨೦೨೦ರಲ್ಲಿ ಪ್ರಕಟಿಸಿದ ಅವರಕ್ತ ಚಿತ್ರಗಳಲ್ಲಿ ಅವು ಹೊಳೆದುವು. ಅವು ಕಪ್ಪು ಮೇಘಗಳಲ್ಲ, ಮೇಘದ ಬಿರುಕುಗಳೆಂದು ಇದರಿಂದ ತಿಳಿಯಿತು.

ಈ ಜ್ಞಾನದ ಪ್ರಯೋಜನವು ಒಂದು ದೊಡ್ಡ ಪ್ರಯೋಗದ ವಿಷಯದಲ್ಲಿ ಸ್ಪಷ್ಟವಾಯಿತು. ೧೯೯೫ನೆಯ ಡಿಸೆಂಬರ್ ೭ರಂದು ಗೆಲಿಲಿಯೊ ನೌಕೆಯ ಶೋಧಕಯಂತ್ರವು ಗುರುವಿನ ವಾಯುಮಂಡಲಕ್ಕಿಳಿದು ಸುಮಾರು ಒಂದು ಗಂಟೆಯ ಕಾಲ ವರ್ತಮಾನ ಕಳುಹಿಸಿತು. ನಿರೀಕ್ಷಿಸಿದುದಕ್ಕಿಂತ ನೀರು ಬಹು ಕಡಮೆಯಾಗಿತ್ತು. ದಟ್ಟವಾದ ಜಲಮೇಘವೂ ಸಿಕ್ಕಲಿಲ್ಲ. ಇಡೀ ಗ್ರಹವೇ ಹೀಗೆಂದರೆ ಅದರ ಉತ್ಪತ್ತಿಯ ಸಿದ್ಧಾಂತಗಳನ್ನೇ ತಿದ್ದಬೇಕಾಗುತ್ತಿತ್ತು. ಆದರೆ ಭೂಮಿಯಿಂದ ತೆಗೆದ ಅವರಕ್ತ ಚಿತ್ರಗಳು ಬೇರೊಂದು ಸಂಗತಿಯನ್ನು ತೋರಿಸಿದುವು. ಯಂತ್ರವು ಇಳಿದದ್ದು ಮೇಘವು ತೆಳುವಾಗಿ ಒಳಗಿನ ಶಾಖವು ಹೊರಸೂಸುವ ಒಂದು ಉಜ್ವಲ ಸ್ಥಾನದಲ್ಲಿ. ಇಂಥ ಎಡೆಗಳಲ್ಲಿ ಒಣಗಿದ ವಾಯುವು ಕೆಳಗಿಳಿಯುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ. ೨೦೨೦ರಲ್ಲಿ ಜೂನೊ ನೌಕೆಯ ಅಳತೆಗಳು ಪ್ರಕಟವಾದಾಗ, ಸಮಭಾಜಕದ ಬಳಿ ಅಣುಗಳಲ್ಲಿ ಶೇಕಡಾ ೦.೨೫ರಷ್ಟು ನೀರಿರುವುದು ಕಂಡುಬಂದಿತು.

ಯಂತ್ರದ ಅಳತೆಯು ಸುಳ್ಳಾಗಿರಲಿಲ್ಲ. ಅದು ಒಂದು ಸ್ಥಳದ ಸತ್ಯವಾಗಿತ್ತು. ಆ ಸ್ಥಳವು ಎಂಥದೆಂಬುದನ್ನು ತಿಳಿಸಿ, ಒಂದೆಡೆಯ ಸತ್ಯವನ್ನು ಇಡೀ ಗ್ರಹಕ್ಕೆ ಆರೋಪಿಸದಂತೆ ತಡೆದುದೇ ಅವರಕ್ತ ವೀಕ್ಷಣೆಯ ಉಪಕಾರ.